ಸುಧಾರಣೆಯ ಚಕ್ರ: ಹಾಥಾರ್ನ್ ಕಾರ್ಖಾನೆಯಿಂದ ಸ್ಕ್ರಮ್ ತಂಡದವರೆಗೆ

ತಂತ್ರಾಂಶ ಕಂಪನಿಯಲ್ಲಿ ಕೆಲಸಕ್ಕಿರುವ ನಿಮ್ಮ ಹಳೆಯ ವಿದ್ಯಾರ್ಥಿ ಯಾರಾದರೂ ಸಿಕ್ಕರೆ ಅವರ ದಿನಚರಿಯನ್ನು ಕೇಳಿ ನೋಡಿ. ಪ್ರತಿದಿನ ಹದಿನೈದು ನಿಮಿಷದ ಒಂದು ಸಭೆ, ಎರಡು ವಾರಕ್ಕೊಂದು 'ಸ್ಪ್ರಿಂಟ್', ಅದರ ಕೊನೆಯಲ್ಲಿ 'ರೆಟ್ರೋಸ್ಪೆಕ್ಟಿವ್' ಎಂಬ ಹಿನ್ನೋಟದ ಸಭೆ, ಹೀಗೆ ಹಲವು ಹೊಸ ಪದಗಳನ್ನು ಅವರು ಹೇಳುತ್ತಾರೆ. ಈ ಕಾರ್ಯಪದ್ಧತಿಯ ಹೆಸರು ಸ್ಕ್ರಮ್. ಹಿನ್ನೋಟದ ಸಭೆಯಲ್ಲಿ ತಂಡದವರು ಕುಳಿತು, ಕಳೆದ ಎರಡು ವಾರಗಳಲ್ಲಿ ಯಾವುದು ಚೆನ್ನಾಗಿ ನಡೆಯಿತು, ಯಾವುದು ನಡೆಯಲಿಲ್ಲ, ಮುಂದಿನ ಬಾರಿ ಏನನ್ನು ಬದಲಾಯಿಸೋಣ ಎಂದು ಚರ್ಚಿಸುತ್ತಾರೆ. ಇದಕ್ಕೆ ನಿರಂತರ ಸುಧಾರಣೆ ಎನ್ನುತ್ತಾರೆ.

ಇದು ಆಡಳಿತ ನಿರ್ವಹಣೆಯ ವಿಷಯ, ವಿಜ್ಞಾನ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಈ ಸಭೆಯ ವಂಶಾವಳಿಯನ್ನು ಹುಡುಕುತ್ತ ಹಿಂದಕ್ಕೆ ಹೋದರೆ ಅದರ ಮೂಲದಲ್ಲಿ ಸಿಗುವವರು ಇಬ್ಬರು ಭೌತವಿಜ್ಞಾನಿಗಳು. ಅವರು ಮಾಡಿದ್ದು ಪ್ರಯೋಗಶಾಲೆಯ ವಿಧಾನವನ್ನು ಕಾರ್ಖಾನೆಗೆ ಒಯ್ದದ್ದು. ಅಲ್ಲಿಂದ ಅದು ಜಪಾನಿಗೆ ಹೋಗಿ, ಮೋಟಾರು ಕಾರಿನ ಕಾರ್ಖಾನೆಗಳನ್ನು ಹೊಕ್ಕು, ಕೊನೆಗೆ ತಂತ್ರಾಂಶದ ಲೋಕಕ್ಕೆ ಬಂದಿತು. ಈ ದೀರ್ಘ ಪ್ರಯಾಣದಲ್ಲಿ ಒಂದು ಮುಖ್ಯವಾದ ಉಪಕರಣ ದಾರಿಯಲ್ಲೇ ಬಿದ್ದುಹೋಯಿತು. ಅದು ಯಾವುದು, ಅದಿಲ್ಲದೆ ಆಗುವ ನಷ್ಟವೇನು ಎಂಬುದನ್ನು ನೋಡೋಣ.

ಒಂದು ಪುಟದ ಟಿಪ್ಪಣಿ

ವಾಲ್ಟರ್ ಶೂಹಾರ್ಟ್ 1891ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವರು. 1917ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದರು. ಷಿಕಾಗೋ ನಗರದ ಬಳಿ ಆ ಕಂಪನಿಯ ಹಾಥಾರ್ನ್ ಕಾರ್ಖಾನೆಯಿತ್ತು. ಬೆಲ್ ಟೆಲಿಫೋನ್ ಜಾಲಕ್ಕೆ ಬೇಕಾದ ಸಲಕರಣೆಗಳು ಅಲ್ಲಿ ತಯಾರಾಗುತ್ತಿದ್ದವು. ಅವುಗಳಲ್ಲಿ ಕೆಲವನ್ನು ನೆಲದಡಿಯಲ್ಲಿ ಹೂಳಬೇಕಾಗಿತ್ತು. ಕೆಟ್ಟರೆ ಅಗೆದು ತೆಗೆಯಬೇಕು. ಆದ್ದರಿಂದ ಮೊದಲೇ ಗುಣಮಟ್ಟ ಚೆನ್ನಾಗಿರುವುದು ಅಗತ್ಯವಾಗಿತ್ತು.

ಆಗ ರೂಢಿಯಲ್ಲಿದ್ದ ವಿಧಾನವೆಂದರೆ ತಯಾರಾದ ವಸ್ತುಗಳನ್ನು ಪರೀಕ್ಷಿಸಿ ಕೆಟ್ಟದ್ದನ್ನು ಎಸೆಯುವುದು. ಜೊತೆಗೆ, ದೋಷ ಕಂಡಾಗಲೆಲ್ಲ ಯಂತ್ರವನ್ನು ಸ್ವಲ್ಪ ತಿದ್ದುವುದು. ವಿಚಿತ್ರವೆಂದರೆ, ಹೀಗೆ ಪದೇ ಪದೇ ತಿದ್ದಿದಷ್ಟೂ ವಸ್ತುಗಳ ನಡುವಿನ ವ್ಯತ್ಯಾಸ ಹೆಚ್ಚುತ್ತಿತ್ತು.

1924ರ ಮೇ 16ರಂದು ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಸುಮಾರು ಒಂದು ಪುಟದ ಟಿಪ್ಪಣಿ ಕಳುಹಿಸಿದರು. ಅದರಲ್ಲಿ ಒಂದು ಸರಳ ಚಿತ್ರವಿತ್ತು. ಇಂದು ನಾವು ಅದನ್ನು ನಿಯಂತ್ರಣ ನಕ್ಷೆ ಎನ್ನುತ್ತೇವೆ. ಅದರ ಹಿಂದಿನ ವಿಚಾರ ಹೀಗಿದೆ. ಯಾವ ಕೆಲಸವನ್ನು ಎಷ್ಟೇ ಎಚ್ಚರದಿಂದ ಮಾಡಿದರೂ ಫಲಿತಾಂಶ ಪ್ರತಿ ಸಲವೂ ಒಂದೇ ಆಗಿರುವುದಿಲ್ಲ. ಲೋಲಕದ ಅವಧಿಯನ್ನು ಹತ್ತು ಬಾರಿ ಅಳೆದ ವಿದ್ಯಾರ್ಥಿಗೆ ಇದು ಗೊತ್ತು. ಈ ವ್ಯತ್ಯಾಸದ ಒಂದು ಭಾಗಕ್ಕೆ ನೂರಾರು ಸಣ್ಣ ಕಾರಣಗಳಿರುತ್ತವೆ. ಅವು ಆ ವ್ಯವಸ್ಥೆಯಲ್ಲೇ ಅಡಗಿರುವ ಸಾಮಾನ್ಯ ಕಾರಣಗಳು. ಇನ್ನು ಕೆಲವು ಬಾರಿ ಬೆರಳಿಟ್ಟು ತೋರಿಸಬಹುದಾದ ವಿಶೇಷ ಕಾರಣವೊಂದು ಇರುತ್ತದೆ. ಉಳಿ ಮೊಂಡಾಗಿರಬಹುದು, ಕಚ್ಚಾ ಸಾಮಗ್ರಿ ಬದಲಾಗಿರಬಹುದು. ಮೊದಲು ಮಾಡಬೇಕಾದ ಕೆಲಸ ಈ ಎರಡನ್ನು ಬೇರ್ಪಡಿಸುವುದು. ಸರಾಸರಿಯ ಮೇಲೂ ಕೆಳಗೂ ಮಾನಕ ವಿಚಲನೆಯ ಮೂರು ಪಟ್ಟು ದೂರದಲ್ಲಿ ಒಂದೊಂದು ಗೆರೆ ಎಳೆಯಿರಿ. ಬಿಂದು ಗೆರೆಗಳ ಹೊರಗೆ ಬಿದ್ದರೆ ವಿಶೇಷ ಕಾರಣವನ್ನು ಹುಡುಕಿ. ಒಳಗಿದ್ದು, ಯಾವುದೇ ವಿಶೇಷ ಕ್ರಮವೂ ಕಾಣದಿದ್ದರೆ ಆ ಒಂದು ಬಿಂದುವಿನ ಹಿಂದೆ ಬೀಳಬೇಡಿ. ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಇದು ಗದ್ದಲದಿಂದ ಸಂಕೇತವನ್ನು ಬೇರ್ಪಡಿಸುವ ಕೆಲಸ.

ತಿದ್ದಿದರೆ ಹೆಚ್ಚುವ ತಪ್ಪು

ಪದೇ ಪದೇ ತಿದ್ದಿದರೆ ವ್ಯತ್ಯಾಸ ಏಕೆ ಹೆಚ್ಚುತ್ತದೆ? ಇದನ್ನು ತೋರಿಸಲು ಎಡ್ವರ್ಡ್ಸ್ ಡೆಮಿಂಗ್ ತಮ್ಮ ಉಪನ್ಯಾಸಗಳಲ್ಲಿ ಆಲಿಕೆಯ ಪ್ರಯೋಗವೊಂದನ್ನು ಬಳಸುತ್ತಿದ್ದರು. ಮೇಜಿನ ಮೇಲೆ ಒಂದು ಗುರುತು ಹಾಕಿ, ಅದರ ನೇರಕ್ಕೆ ಮೇಲೆ ಆಲಿಕೆಯನ್ನು ನಿಲ್ಲಿಸಿ. ಆಲಿಕೆಯೊಳಗಿಂದ ಗೋಲಿ ಬಿಡಿ. ಗೋಲಿ ಗುರುತಿನ ಸುತ್ತಮುತ್ತ ಎಲ್ಲೋ ಬಂದು ನಿಲ್ಲುತ್ತದೆ. ಆಲಿಕೆಯನ್ನು ಕದಲಿಸದೆ ಐವತ್ತು ಸಲ ಬಿಟ್ಟರೆ ಗುರುತಿನ ಸುತ್ತ ಐವತ್ತು ಚುಕ್ಕೆಗಳ ಒಂದು ಗುಂಪು ಸಿಗುತ್ತದೆ.

ಈಗ ನಿಯಮ ಬದಲಿಸೋಣ. ಗೋಲಿ 2 ಸೆಂಟಿಮೀಟರ್ ಬಲಕ್ಕೆ ಬಿದ್ದರೆ ಆಲಿಕೆಯನ್ನು 2 ಸೆಂಟಿಮೀಟರ್ ಎಡಕ್ಕೆ ಸರಿಸುವುದು. ಪ್ರತಿ ಬಾರಿಯೂ ಹೀಗೆ ತಿದ್ದುವುದು. ನೋಡುವವರಿಗೆ ಇದು ಬಹಳ ಶ್ರದ್ಧೆಯ ಕೆಲಸವೆನಿಸುತ್ತದೆ. ಆದರೆ ಚುಕ್ಕೆಗಳ ಗುಂಪು ಮೊದಲಿಗಿಂತ ಹರಡಿಕೊಳ್ಳುತ್ತದೆ. ಕಾರಣ ಸರಳವಾಗಿದೆ. ಈಗ ಪ್ರತಿ ಗೋಲಿಯ ಒಟ್ಟು ವಿಚಲನೆಯೆಂದರೆ ಅದರ ಸ್ವಂತ ಆಕಸ್ಮಿಕ ದೋಷದಿಂದ ಹಿಂದಿನ ಗೋಲಿಯ ಆಕಸ್ಮಿಕ ದೋಷವನ್ನು ಕಳೆದದ್ದು. ಎರಡು ದೋಷಗಳೂ ಪರಸ್ಪರ ಸ್ವತಂತ್ರವಾಗಿರುವುದರಿಂದ ಮಾನಕ ವಿಚಲನೆಗಳ ವರ್ಗಗಳು ಕೂಡಿಕೊಳ್ಳುತ್ತವೆ. ಹೀಗಾಗಿ ಆ ವರ್ಗವು 2 ಪಟ್ಟಾಗುತ್ತದೆ, ಮಾನಕ ವಿಚಲನೆ 2ರ ವರ್ಗಮೂಲದಷ್ಟು, ಅಂದರೆ ಸುಮಾರು 1.41 ಪಟ್ಟಾಗುತ್ತದೆ. ಸುಧಾರಿಸುವ ಉತ್ಸಾಹದಲ್ಲಿ ಕೆಲಸವನ್ನು ಶೇಕಡ 41ರಷ್ಟು ಕೆಡಿಸಿದಂತಾಯಿತು!

ನೇರ ಗೆರೆ ವೃತ್ತವಾದದ್ದು

ಈ ಡೆಮಿಂಗ್ ಅವರೇ ನಮ್ಮ ಎರಡನೆಯ ಭೌತವಿಜ್ಞಾನಿ. 1900ರಲ್ಲಿ ಹುಟ್ಟಿದ ಇವರು 1928ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತೀಯ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ವಿದ್ಯಾರ್ಥಿಯಾಗಿದ್ದಾಗ ಬೇಸಿಗೆ ರಜೆಗಳಲ್ಲಿ ಹಾಥಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ಮುಂದೆ ಅಮೆರಿಕದ ಕೃಷಿ ಇಲಾಖೆಯಲ್ಲಿದ್ದಾಗ ಶೂಹಾರ್ಟ್ ಅವರನ್ನು ಉಪನ್ಯಾಸಗಳಿಗೆ ಆಹ್ವಾನಿಸಿದರು. ಆ ಉಪನ್ಯಾಸಗಳು ಡೆಮಿಂಗ್ ಅವರ ಸಂಪಾದನೆಯಲ್ಲಿ 1939ರಲ್ಲಿ ಪುಸ್ತಕವಾಗಿ ಬಂದವು.

ಆ ಪುಸ್ತಕದಲ್ಲಿ ಶೂಹಾರ್ಟ್ ಒಂದು ಹೋಲಿಕೆ ಮುಂದಿಟ್ಟರು. ಕಾರ್ಖಾನೆಯಲ್ಲಿ ಮೂರು ಹಂತಗಳಿವೆ: ವಸ್ತು ಹೇಗಿರಬೇಕೆಂದು ನಿರ್ಧರಿಸುವುದು, ಅದನ್ನು ತಯಾರಿಸುವುದು, ಪರೀಕ್ಷಿಸುವುದು. ವಿಜ್ಞಾನದಲ್ಲಿಯೂ ಮೂರು ಹಂತಗಳಿವೆ: ಊಹೆ, ಪ್ರಯೋಗ, ಊಹೆಯ ಪರೀಕ್ಷೆ. ಇವೆರಡೂ ಒಂದೇ ಎಂದು ಅವರು ವಾದಿಸಿದರು. ಹಾಗಾದರೆ ಮೂರು ಹಂತಗಳನ್ನು ನೇರ ಗೆರೆಯಲ್ಲಿ ಇಡುವುದು ಸರಿಯಲ್ಲ. ಪರೀಕ್ಷೆಯಿಂದ ಕಲಿತದ್ದು ಮತ್ತೆ ಮೊದಲ ಹಂತಕ್ಕೆ ಹೋಗಬೇಕು. ಗೆರೆಯನ್ನು ಬಗ್ಗಿಸಿ ವೃತ್ತ ಮಾಡಬೇಕು. ಇಂದು ಯೋಜಿಸು, ಮಾಡು, ಪರಿಶೀಲಿಸು, ಕ್ರಮ ಕೈಗೊಳ್ಳು ಎಂಬ ನಾಲ್ಕು ಹಂತಗಳಾಗಿ ಪ್ರಸಿದ್ಧವಾಗಿರುವ ಚಕ್ರದ ಮೂಲ ಇದೇ. ಈ ನಾಲ್ಕು ಪದಗಳ ರೂಪ ಬಂದದ್ದು ಜಪಾನಿನಲ್ಲಿ. ಡೆಮಿಂಗ್ ಮಾತ್ರ ಇದನ್ನು ಶೂಹಾರ್ಟ್ ಚಕ್ರವೆಂದೇ ಕರೆಯುತ್ತಿದ್ದರು. ಮುಂದೆ ಮೂರನೆಯ ಹಂತಕ್ಕೆ 'ಪರಿಶೀಲಿಸು' ಎನ್ನುವುದಕ್ಕಿಂತ 'ಅಧ್ಯಯನ ಮಾಡು' ಎನ್ನುವುದು ಸರಿಯೆಂದು ಒತ್ತಿ ಹೇಳಿದರು. ಕೆಲಸ ಮುಗಿಯಿತೇ ಇಲ್ಲವೇ ಎಂದು ನೋಡುವುದು ಪರಿಶೀಲನೆ. ನಾವು ಊಹಿಸಿದ್ದಕ್ಕೂ ಆದದ್ದಕ್ಕೂ ಇರುವ ಅಂತರದಿಂದ ಕಲಿಯುವುದು ಅಧ್ಯಯನ.

ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಆಹ್ವಾನಿಸಿದ್ದು ಪಿ.ಸಿ. ಮಹಾಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ಮಹಾಲನೋಬಿಸ್ ಸಹ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ಆ ಸಂಸ್ಥೆ ಮುಂದೆ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಗುಣಮಟ್ಟ ನಿಯಂತ್ರಣದ ಘಟಕಗಳನ್ನು ತೆರೆಯಿತು.

ಜಪಾನಿನಲ್ಲಿ

ಎರಡನೆಯ ಮಹಾಯುದ್ಧದ ನಂತರ ಜಪಾನಿನ ಕೈಗಾರಿಕೆ ನೆಲಕಚ್ಚಿತ್ತು. ಜನಗಣತಿಯ ಸಿದ್ಧತೆಗೆ ನೆರವಾಗಲು ಡೆಮಿಂಗ್ 1947ರಲ್ಲಿ ಅಲ್ಲಿಗೆ ಹೋದರು. 1950ರಲ್ಲಿ ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ ಅವರನ್ನು ಮತ್ತೆ ಕರೆಸಿಕೊಂಡು ಉಪನ್ಯಾಸಮಾಲೆ ಏರ್ಪಡಿಸಿತು. ಎಂಜಿನಿಯರುಗಳಷ್ಟೇ ಅಲ್ಲ, ಕಂಪನಿಗಳ ಮುಖ್ಯಸ್ಥರೂ ಬಂದು ಕುಳಿತು ಕೇಳಿದರು. ಉಪನ್ಯಾಸದ ಟಿಪ್ಪಣಿಗಳ ಮಾರಾಟದಿಂದ ಬಂದ ಗೌರವಧನವನ್ನು ಡೆಮಿಂಗ್ ತೆಗೆದುಕೊಳ್ಳಲಿಲ್ಲ. ಆ ಹಣದಿಂದ 1951ರಲ್ಲಿ ಡೆಮಿಂಗ್ ಬಹುಮಾನ ಆರಂಭವಾಯಿತು.

1965ರಲ್ಲಿ ಆ ಬಹುಮಾನ ಪಡೆದ ಕಂಪನಿ ಟೊಯೋಟ. ಅಲ್ಲಿ ಸುಧಾರಣೆಗೆ ಸ್ವಂತದ ಒಂದು ಪರಂಪರೆಯೂ ಇತ್ತು. ಸಂಸ್ಥಾಪಕರ ತಂದೆ ಸಾಕಿಚಿ ಟೊಯೋಡ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ದೋಷ ಕಂಡ ಕ್ಷಣದಲ್ಲೇ ನಿಲ್ಲಬೇಕು, ದೋಷಪೂರಿತ ಬಟ್ಟೆ ಮೊಳಗಟ್ಟಲೆ ಬೆಳೆಯಲು ಬಿಡಬಾರದು ಎಂಬುದು ಅದರ ತತ್ತ್ವ. ತೈಯಿಚಿ ಓನೊ ಎಂಬ ಎಂಜಿನಿಯರ್ ಇದನ್ನೇ ಕಾರಿನ ಕಾರ್ಖಾನೆಗೆ ವಿಸ್ತರಿಸಿದರು. ತೊಂದರೆ ಕಂಡರೆ ಸಾಮಾನ್ಯ ಕೆಲಸಗಾರನೂ ಇಡೀ ಸಾಲನ್ನು ನಿಲ್ಲಿಸಬಹುದಾಗಿತ್ತು.

ಓನೊ ಹೇಳಿಕೊಟ್ಟ ಇನ್ನೊಂದು ಅಭ್ಯಾಸ 'ಏಕೆ' ಎಂದು ಐದು ಬಾರಿ ಕೇಳುವುದು. ಅವರು ಕೊಡುವ ಉದಾಹರಣೆಯಲ್ಲಿ ಯಂತ್ರವೊಂದು ನಿಂತಿದೆ. ಏಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಗಿದೆ. ಹೊರೆ ಏಕೆ ಹೆಚ್ಚಾಯಿತು? ಬೇರಿಂಗಿಗೆ ಸಾಕಷ್ಟು ಎಣ್ಣೆ ತಲುಪಿಲ್ಲ. ಏಕೆ? ಪಂಪು ಸರಿಯಾಗಿ ಎಣ್ಣೆ ಎತ್ತುತ್ತಿಲ್ಲ. ಏಕೆ? ಅದರ ದಂಡ ಸವೆದಿದೆ. ಏಕೆ ಸವೆಯಿತು? ಸೋಸುವ ಜಾಲರಿ ಇಲ್ಲದೆ ಲೋಹದ ಚೂರುಗಳು ಒಳಗೆ ಹೋಗಿವೆ. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಬದಲಾಯಿಸಿ ಸುಮ್ಮನಾಗುತ್ತಿದ್ದರು. ಇಲ್ಲಿ ಐದು ಪ್ರಶ್ನೆಗಳಲ್ಲಿ ಒಂದೂ 'ಯಾರು' ಎಂದು ಕೇಳುವುದಿಲ್ಲ ಎಂಬುದನ್ನು ಗಮನಿಸಿ.

ಇಂಥ ಸಣ್ಣ ಸಣ್ಣ ನಿರಂತರ ಸುಧಾರಣೆಗಳಿಗೆ ಜಪಾನೀ ಭಾಷೆಯಲ್ಲಿ 'ಕೈಜೆನ್' ಎನ್ನುತ್ತಾರೆ. ಮಸಾಕಿ ಇಮಾಯಿ 1986ರಲ್ಲಿ ಬರೆದ ಪುಸ್ತಕದಿಂದ ಈ ಪದ ಜಗತ್ತಿಗೆಲ್ಲ ಹಬ್ಬಿತು. ಬಿಡದಿಯಲ್ಲಿ 1999ರ ಕೊನೆಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಇದೇ ಉತ್ಪಾದನಾ ಪದ್ಧತಿ ನಮ್ಮ ರಾಜ್ಯಕ್ಕೂ ಬಂದಿತು.

ತಂತ್ರಾಂಶದ ಬಿಕ್ಕಟ್ಟು

ಈಗ ಗಣಕಗಳ ಕಡೆಗೆ ತಿರುಗೋಣ. 1960ರ ದಶಕದಲ್ಲಿ ಗಣಕಗಳು ವೇಗವಾಗಿ ಬೆಳೆದವು, ಆದರೆ ಅವುಗಳಿಗೆ ಬೇಕಾದ ತಂತ್ರಾಂಶವನ್ನು ಹೇಳಿದ ಸಮಯಕ್ಕೆ, ಹೇಳಿದ ವೆಚ್ಚದಲ್ಲಿ ಬರೆದು ಮುಗಿಸುವುದು ಕಷ್ಟವಾಯಿತು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಈ ಬಿಕ್ಕಟ್ಟು ಬಹಿರಂಗವಾಗಿ ಚರ್ಚೆಯಾಯಿತು. 1970ರಲ್ಲಿ ವಿನ್ಸ್‌ಟನ್ ರಾಯ್ಸ್ ಒಂದು ಪ್ರಬಂಧದಲ್ಲಿ ಅಗತ್ಯಗಳ ಪಟ್ಟಿ, ವಿನ್ಯಾಸ, ಬರೆಯುವುದು, ಪರೀಕ್ಷೆ ಎಂದು ಒಂದರ ಕೆಳಗೊಂದು ಹಂತಗಳಿರುವ ಚಿತ್ರ ಬರೆದರು. ಅದು ಮುಂದೆ ಜಲಪಾತ ಮಾದರಿ ಎಂದು ಹೆಸರಾಯಿತು. ಹೀಗೆ ಒಂದೇ ದಿಕ್ಕಿನಲ್ಲಿ ಇಳಿದು ಕೊನೆಗೆ ಪರೀಕ್ಷಿಸುವುದು ಅಪಾಯಕಾರಿ ಎಂದು ರಾಯ್ಸ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಆದರೆ ಎಚ್ಚರಿಕೆಗಿಂತ ಚಿತ್ರವೇ ಹೆಚ್ಚು ಜನರ ನೆನಪಿನಲ್ಲಿ ಉಳಿಯಿತು. ಶೂಹಾರ್ಟ್ ಬಗ್ಗಿಸಿ ವೃತ್ತ ಮಾಡಿದ್ದ ಗೆರೆಯನ್ನು ತಂತ್ರಾಂಶ ಲೋಕ ಮತ್ತೆ ನೇರ ಮಾಡಿಕೊಂಡಂತಾಯಿತು.

ಬದಲಾವಣೆಯ ಸುಳಿವು ಮತ್ತೆ ಜಪಾನಿನಿಂದಲೇ ಬಂದಿತು. 1986ರಲ್ಲಿ ಹಿರೊಟಾಕ ಟಕೆಯುಚಿ ಮತ್ತು ಇಕುಜಿರೊ ನೊನಾಕ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹೋಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ಮೊದಲಾದ ಕಂಪನಿಗಳು ಹೊಸ ವಸ್ತುಗಳನ್ನು ರೂಪಿಸುವ ರೀತಿಯನ್ನು ಅವರು ಅಧ್ಯಯನ ಮಾಡಿದ್ದರು. ಹಳೆಯ ರೀತಿ ರಿಲೇ ಓಟದಂತೆ, ಒಬ್ಬರ ಕೆಲಸ ಮುಗಿದ ಮೇಲೆ ಮತ್ತೊಬ್ಬರಿಗೆ ಕೋಲು ದಾಟಿಸುವುದು. ಹೊಸ ರೀತಿ ರಗ್ಬಿ ಆಟದಂತೆ, ಇಡೀ ತಂಡ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಒಟ್ಟಾಗಿ ಮುನ್ನುಗ್ಗುವುದು. ರಗ್ಬಿಯಲ್ಲಿ ಆಟಗಾರರು ಭುಜಕ್ಕೆ ಭುಜ ಕೊಟ್ಟು ಚೆಂಡಿಗಾಗಿ ಒತ್ತುವ ಕೂಟಕ್ಕೆ ಸ್ಕ್ರಮ್ ಎಂದು ಹೆಸರು.

ಸ್ಕ್ರಮ್ ಪದ್ಧತಿ

ಜೆಫ್ ಸದರ್ಲೆಂಡ್ 1993ರಲ್ಲಿ ಅಮೆರಿಕದ ಈಸೆಲ್ ಎಂಬ ಕಂಪನಿಯಲ್ಲಿ ಈ ವಿಚಾರಗಳನ್ನು ತಂತ್ರಾಂಶ ತಂಡದ ಮೇಲೆ ಪ್ರಯೋಗಿಸಿದರು. 1995ರಲ್ಲಿ ಅವರೂ ಕೆನ್ ಶ್ವೇಬರ್ ಅವರೂ ಸೇರಿ ಸ್ಕ್ರಮ್ ಪದ್ಧತಿಯನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದರು. ಶ್ವೇಬರ್ ಆ ಕಾಲದಲ್ಲಿ ಡುಪಾಂಟ್ ಕಂಪನಿಯ ರಾಸಾಯನಿಕ ಪ್ರಕ್ರಿಯಾ ನಿಯಂತ್ರಣ ತಜ್ಞರನ್ನು ಭೇಟಿಯಾಗಿ ಚರ್ಚಿಸಿದ್ದರು. ಒಳಗೆ ಏನಾಗುತ್ತದೆಂದು ಪೂರ್ತಿ ತಿಳಿದಿರುವ ಪ್ರಕ್ರಿಯೆಯನ್ನು ಮೊದಲೇ ಬರೆದಿಟ್ಟ ಸೂತ್ರದಂತೆ ನಡೆಸಬಹುದು. ಪೂರ್ತಿ ತಿಳಿಯದ ಪ್ರಕ್ರಿಯೆಯನ್ನು ಆಗಾಗ ಅಳೆದು, ಅಳತೆಗೆ ತಕ್ಕಂತೆ ಸರಿಹೊಂದಿಸುತ್ತ ನಡೆಸಬೇಕು. ತಂತ್ರಾಂಶ ರಚನೆ ಎರಡನೆಯ ಬಗೆಯದು ಎಂಬುದು ಶ್ವೇಬರ್ ಅವರಿಗೆ ಮನದಟ್ಟಾಯಿತು. ಸ್ಕ್ರಮ್‌ನ ತಳಹದಿ ಈ ಅನುಭವವಾದವೇ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆಯನ್ನು ಪ್ರಕಟಿಸಿದರು. ಅದರೊಂದಿಗಿರುವ 12 ತತ್ತ್ವಗಳಲ್ಲಿ ಕೊನೆಯದು, ತಂಡವು ನಿಯತವಾಗಿ ತನ್ನ ಕೆಲಸದ ರೀತಿಯನ್ನೇ ಪರಾಮರ್ಶಿಸಿ ತಿದ್ದಿಕೊಳ್ಳಬೇಕೆಂದು ಹೇಳುತ್ತದೆ. ಅದೇ ವರ್ಷ ನಾರ್ಮನ್ ಕೆರ್ತ್ ಹಿನ್ನೋಟದ ಸಭೆಗಳ ಬಗ್ಗೆ ಪುಸ್ತಕ ಬರೆದರು. ಆ ಹೊತ್ತಿನಲ್ಲಿ ತಮಗೆ ತಿಳಿದಿದ್ದ ಮಟ್ಟಿಗೆ ಎಲ್ಲರೂ ಕೈಲಾದಷ್ಟು ಚೆನ್ನಾಗಿಯೇ ಕೆಲಸ ಮಾಡಿದ್ದಾರೆ ಎಂಬ ನಂಬಿಕೆಯಿಂದ ಸಭೆ ಆರಂಭಿಸಬೇಕು ಎಂಬುದು ಅವರ ಮುಖ್ಯ ಸೂಚನೆ. ಓನೊ 'ಯಾರು' ಎಂದು ಕೇಳದಿದ್ದುದರ ಮುಂದುವರಿಕೆ ಇದು. ಸದರ್ಲೆಂಡ್ ಮತ್ತು ಶ್ವೇಬರ್ 2010ರಲ್ಲಿ ಮೊದಲು ಪ್ರಕಟಿಸಿದ ಸ್ಕ್ರಮ್ ಕೈಪಿಡಿ 2020ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಸ್ಪ್ರಿಂಟ್ ಒಂದು ತಿಂಗಳನ್ನು ಮೀರಬಾರದು. ತಂಡದಲ್ಲಿ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಜನರಿರುತ್ತಾರೆ. ಪಾರದರ್ಶಕತೆ, ಪರಿಶೀಲನೆ, ಹೊಂದಾಣಿಕೆ ಎಂಬ ಮೂರು ಕಂಬಗಳ ಮೇಲೆ ಪದ್ಧತಿ ನಿಂತಿದೆ.

ದಾರಿಯಲ್ಲಿ ಬಿದ್ದುಹೋದದ್ದು

ಚಕ್ರವೇನೋ ತಂತ್ರಾಂಶ ಲೋಕಕ್ಕೆ ಬಂದಿತು, ಆದರೆ ಶೂಹಾರ್ಟ್ ಅವರ ನಕ್ಷೆ ಅದರೊಂದಿಗೆ ಬರಲಿಲ್ಲ. ಸ್ಕ್ರಮ್ ಕೈಪಿಡಿಯಲ್ಲಿ ಪರಿಶೀಲಿಸಿ ಎಂದಿದೆ. ಗದ್ದಲವನ್ನೂ ಸಂಕೇತವನ್ನೂ ಬೇರ್ಪಡಿಸುವುದು ಹೇಗೆಂದು ಇಲ್ಲ. ಇದರ ಪರಿಣಾಮವನ್ನು ಕಾಲ್ಪನಿಕ ಉದಾಹರಣೆಯೊಂದರಿಂದ ನೋಡೋಣ.

ಒಂದು ತಂಡ ಎಂಟು ಸ್ಪ್ರಿಂಟುಗಳಲ್ಲಿ ಮುಗಿಸಿದ ಕೆಲಸಗಳ ಸಂಖ್ಯೆ ಕ್ರಮವಾಗಿ 21, 18, 24, 19, 22, 20, 17, 23 ಎಂದಿರಲಿ. ಏಳನೆಯ ಸ್ಪ್ರಿಂಟಿನಲ್ಲಿ 17 ಬಂದಾಗ ಮೇಲಧಿಕಾರಿ ತಂಡವನ್ನು ಗದರಿಸಿದರು. ಎಂಟನೆಯದರಲ್ಲಿ 23 ಆಯಿತು. ಗದರಿಸಿದ್ದು ಫಲ ಕೊಟ್ಟಿತು ಎಂದು ಅವರಿಗೆ ಅನ್ನಿಸುವುದು ಸಹಜ. ನಿಜವೇ?

ಲೆಕ್ಕ ಹಾಕೋಣ. ಎಂಟು ಸಂಖ್ಯೆಗಳ ಸರಾಸರಿ 20.5. ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸಗಳು 3, 6, 5, 3, 2, 3, 6. ಇವುಗಳ ಸರಾಸರಿ 4. ಇದನ್ನು 1.128 ಎಂಬ ಸ್ಥಿರಾಂಕದಿಂದ ಭಾಗಿಸಿದರೆ ಮಾನಕ ವಿಚಲನೆಯ ಅಂದಾಜು ಸಿಗುತ್ತದೆ, ಸುಮಾರು 3.55. ಅದರ ಮೂರು ಪಟ್ಟು 10.64. ಆದ್ದರಿಂದ ನಿಯಂತ್ರಣ ಗೆರೆಗಳು ಸುಮಾರು 9.9 ಮತ್ತು 31.1. ಎಂಟೇ ಸಂಖ್ಯೆಗಳಿರುವುದರಿಂದ ಈ ಗೆರೆಗಳು ತಾತ್ಕಾಲಿಕ. ಆದರೂ 17 ಎಂಬುದು ಗೆರೆಗಳ ಒಳಗೆ, ಬಹಳ ಒಳಗೆ, ಇದೆ. ಅದಕ್ಕೆ ಪ್ರತ್ಯೇಕ ಕಾರಣ ಹುಡುಕುವಂಥದ್ದೇನೂ ಇಲ್ಲ. ಸರಾಸರಿಗಿಂತ ಸಾಕಷ್ಟು ಕಡಿಮೆ ಬಂದ ನಂತರ ಮುಂದಿನದು ಅದಕ್ಕಿಂತ ಮೇಲಿರುವ ಸಂಭವವೇ ಹೆಚ್ಚು, ಗದರಿಸಿದರೂ ಅಷ್ಟೇ, ಗದರಿಸದಿದ್ದರೂ ಅಷ್ಟೇ. ಅಂದರೆ ತಂಡದವರು ಬೈಸಿಕೊಂಡದ್ದು ಆಕಸ್ಮಿಕಕ್ಕಾಗಿ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಮುಂದಿನ ಹಿನ್ನೋಟದ ಸಭೆಯಲ್ಲಿ ಯಾರೂ ಬಾಯಿಬಿಟ್ಟು ತೊಂದರೆಗಳನ್ನು ಹೇಳುವುದಿಲ್ಲ. ಅಳೆಯುವ ಉಪಕರಣವೇ ಹೆದರಿ ಸುಳ್ಳು ಹೇಳತೊಡಗಿದ ಮೇಲೆ ಪ್ರಯೋಗ ನಡೆಸುವುದು ಹೇಗೆ?

ಮುಗಿಸಿದ ಕೆಲಸದ ಈ ಅಳತೆಗೆ ಅನೇಕ ತಂಡಗಳು 'ವೆಲಾಸಿಟಿ' ಎನ್ನುತ್ತವೆ. ಭೌತವಿಜ್ಞಾನದ ವೇಗಕ್ಕೆ ದಿಕ್ಕು ಇರುತ್ತದೆ, ಇದಕ್ಕೆ ಇಲ್ಲ! ಅಳತೆಯನ್ನೇ ಗುರಿ ಮಾಡಿದರೆ ಕೆಲಸ ಹೆಚ್ಚಬೇಕೆಂದಿಲ್ಲ, ಒಂದು ಕೆಲಸವನ್ನು ಎರಡೆಂದು ಎಣಿಸಿದರೂ ಸಂಖ್ಯೆ ಏರುತ್ತದೆ.

ಹಾಗಾದರೆ ಸುಮ್ಮನಿರಬೇಕೇ? ಇಲ್ಲ. ಕೇಳುವ ಪ್ರಶ್ನೆ ಬದಲಾಗಬೇಕು. 'ಈ ಬಾರಿ 17 ಏಕೆ' ಎಂಬುದರ ಬದಲು 'ನಮ್ಮ ವ್ಯವಸ್ಥೆ 20ರ ಸುತ್ತಲೇ ಏಕೆ ಸುತ್ತುತ್ತಿದೆ' ಎಂದು ಕೇಳಬೇಕು. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಪರಿಶೀಲಿಸಲು ಮೂರು ದಿನ ಕಾಯಬೇಕಾಗಿದೆ ಎಂದುಕೊಳ್ಳಿ. ಅದೇ ದಿನ ಪರಿಶೀಲಿಸಿದರೆ ಮುಗಿಯುವ ಕೆಲಸ ಹೆಚ್ಚುತ್ತದೆ ಎಂಬುದು ಒಂದು ಊಹೆ. ಅದನ್ನು ಮೊದಲೇ ಬರೆದಿಡಬೇಕು. ಆ ಒಂದನ್ನೇ ಬದಲಾಯಿಸಬೇಕು. ನಂತರ ತಾಳ್ಮೆಯಿಂದ ಅಳೆಯಬೇಕು. ಹಳೆಯ ಸರಾಸರಿಯ ಮೇಲ್ಭಾಗದಲ್ಲೇ ಸತತವಾಗಿ ಎಂಟು ಬಿಂದುಗಳು ಬಿದ್ದರೆ ಅದು ಆಕಸ್ಮಿಕವಾಗಿರುವ ಸಂಭವ ಸುಮಾರು 256ಕ್ಕೆ 1, ನಾಣ್ಯ ಚಿಮ್ಮಿದಾಗ ಎಂಟು ಸಲವೂ ತಲೆಯೇ ಬಿದ್ದಂತೆ. ಆಗ ಸುಧಾರಣೆ ನಿಜವೆಂದು ನಂಬಬಹುದು. ಎರಡು ವಾರಗಳ ಸ್ಪ್ರಿಂಟಾದರೆ ಎಂಟು ಬಿಂದುಗಳಿಗೆ 16 ವಾರ ಬೇಕು. ಪ್ರತಿ ಸಭೆಯಲ್ಲೂ ಮೂರು ಹೊಸ ಬದಲಾವಣೆ ತರುವ ತಂಡ, ಗೋಲಿ ಬಿದ್ದಾಗಲೆಲ್ಲ ಆಲಿಕೆ ಸರಿಸುವವರ ಸಾಲಿಗೆ ಸೇರುತ್ತದೆ. ಹಾಗೆಂದು ಪ್ರತಿಯೊಂದಕ್ಕೂ ನಾಲ್ಕು ತಿಂಗಳು ಕಾಯಬೇಕಿಲ್ಲ. ಕಾಯುವ ಸಮಯದಂಥ ಅಳತೆಯನ್ನು ದಿನವೂ ಗುರುತಿಸಿಕೊಂಡರೆ ಎಂಟು ಬಿಂದುಗಳು ಎರಡೇ ವಾರದಲ್ಲಿ ಸಿಗುತ್ತವೆ. ಯಾವುದನ್ನು ಅಳೆಯಬೇಕು ಎಂಬ ಆಯ್ಕೆಯೂ ಪ್ರಯೋಗದ ಭಾಗವೇ ಅಲ್ಲವೇ?

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರಾದ ನಿಮಗೆ ಇದು ದೂರದ ವಿಷಯವಲ್ಲ. ತಿಂಗಳ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಹುಡುಗನನ್ನು ಬೈದಾಗ ಮುಂದಿನ ತಿಂಗಳು ಅಂಕ ಏರುತ್ತದೆ. ಹೆಚ್ಚು ಅಂಕ ಬಂದ ಹುಡುಗಿಯನ್ನು ಹೊಗಳಿದಾಗ ಮುಂದಿನ ತಿಂಗಳು ಇಳಿಯುತ್ತದೆ. ಬೈಗುಳಕ್ಕೆ ಶಕ್ತಿಯಿದೆ, ಹೊಗಳಿಕೆ ಹಾಳುಮಾಡುತ್ತದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ಆ ವಿದ್ಯಾರ್ಥಿಯ ಇಡೀ ವರ್ಷದ ಅಂಕಗಳನ್ನು ಒಂದು ನಕ್ಷೆಯ ಮೇಲೆ ಗುರುತಿಸಿ, ಮೇಲೆ ಹೇಳಿದಂತೆ ಗೆರೆಗಳನ್ನು ಎಳೆದು ನೋಡಿ. ಇಡೀ ತರಗತಿಯ ಅಂಕಗಳು ಒಂದೇ ಪಾಠದಲ್ಲಿ ಗೆರೆಯಿಂದ ಹೊರಗೆ ಬಿದ್ದಿದ್ದರೆ ಹುಡುಕಬೇಕಾದ ಕಾರಣ ಮಕ್ಕಳಲ್ಲಿ ಇಲ್ಲದಿರಬಹುದು, ಪಾಠ ಮಾಡಿದ ರೀತಿಯಲ್ಲೋ ಪ್ರಶ್ನೆಪತ್ರಿಕೆಯಲ್ಲೋ ಇರಬಹುದು.

ವಿದ್ಯಾರ್ಥಿಗಳಿಗೆ ಆಲಿಕೆಯ ಪ್ರಯೋಗವನ್ನು ಮಾಡಲು ಹೇಳಿ. ಸೀಮೆಎಣ್ಣೆ ಹಾಕುವ ಆಲಿಕೆ, ಒಂದು ಗೋಲಿ, ದಪ್ಪ ಬಟ್ಟೆ ಹಾಸಿದ ಮೇಜು, ಒಂದು ಅಳತೆಪಟ್ಟಿ ಸಾಕು. ಒಂದು ಗುಂಪು ಆಲಿಕೆಯನ್ನು ಕದಲಿಸದಿರಲಿ, ಇನ್ನೊಂದು ಗುಂಪು ಪ್ರತಿ ಬಾರಿ ತಿದ್ದಲಿ. ಐವತ್ತೈವತ್ತು ಅಳತೆಗಳಾದ ಮೇಲೆ ಎರಡೂ ಗುಂಪುಗಳ ಮಾನಕ ವಿಚಲನೆಯ ಅನುಪಾತ 1.41ಕ್ಕೆ ಎಷ್ಟು ಹತ್ತಿರ ಬರುತ್ತದೆ ನೋಡಿ. ಇವರಲ್ಲಿ ಕೆಲವರು ನಾಳೆ ತಂತ್ರಾಂಶ ತಂಡಗಳಲ್ಲಿ ಕುಳಿತು ಹಿನ್ನೋಟದ ಸಭೆ ನಡೆಸುತ್ತಾರೆ. ಶೂಹಾರ್ಟ್ ಅವರ ನಕ್ಷೆಯನ್ನು ಆ ಸಭೆಗೆ ಮರಳಿ ಒಯ್ಯಲು ಅವರಿಗೆ ಒಂದು ಹಾಳೆ ಮತ್ತು ಪೆನ್ಸಿಲಿಗಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.